ನೂರೊಂದು ಬಾವಿಯ ಬೈಗುಳಗಳು

ಬೈಸಿಕೊಳ್ಳಲಿಕ್ಕೆಂದೇ ನೀಲಾಂಬಿಕಾ ದಿನಾ ಬೆಳಗ್ಗೆ ಹತ್ತೂವರೆಗೆ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಕೂಡುತ್ತಿದ್ದಳು. ಗದಗಿನ ಆ ಓಣಿಯಲ್ಲಿ ಕೆಳಗೆ ಪುಸ್ತಕದ ಬೈಂಡಿಂಗ್ ಅಂಗಡಿ, ಮೇಲೆ ಎರಡು ಕೋಣೆ. ಆ ಎರಡು ಕೋಣೆಯೇ ಅವಳ ತಮ್ಮ ಫಕೀರೇಶ ಕಟ್ಟಿದ ಆಟದ ಕಂಪನಿ. ಕೆಳಗಿನ ಅಂಟಿನ ವಾಸನೆ ಮೆಟ್ಟಿಲು ಹತ್ತಿ ಮೇಲೆ ಬರುತ್ತಿತ್ತು. ಫಕೀರೇಶ ಸತ್ತು ಹನ್ನೊಂದು ತಿಂಗಳಾಗಿತ್ತು. ಅವನನ್ನು ಬೈಯುವವರು ಮಾತ್ರ ಇನ್ನೂ ದಿನಾ ಸಾವಿರ ಜನ ಇದ್ದರು.

ಆಟದ ಹೆಸರು ‘ನೂರೊಂದು ಬಾವಿ’. ಹಳೇ ಕಾಲದ ಟೀವಿ ಆಟಗಳ ಹಾಗೆ ಚೌಕ ಚೌಕ ಚಿತ್ರ, ಜಾತ್ರೆಯ ಪೀಪಿ ಊದಿದಂಥ ಸಂಗೀತ, ಹೆಬ್ಬೆರಳಿನಷ್ಟು ಎತ್ತರದ ಒಬ್ಬ ಬಂಟ. ಈ ಬಂಟ ಮೆಟ್ಟಿಲುಬಾವಿಯೊಳಗೆ ಜಿಗಿಯುತ್ತ, ಕತ್ತಿ ಬೀಸುತ್ತ, ಬಾವಲಿಗಳನ್ನು ಕೆಡವುತ್ತ ತಳಕ್ಕಿಳಿಯಬೇಕು. ಒಂದು ಮೆಟ್ಟಿಲು ತಪ್ಪಿದರೆ ಸತ್ತ. ಮತ್ತೆ ಬಾವಿಯ ಬಾಯಿಂದ ಶುರು. ಕಷ್ಟ ಅಂದರೆ ಅಂಥಿಂಥ ಕಷ್ಟವಲ್ಲ. ಮೊದಲ ಬಾವಿ ದಾಟುವುದರೊಳಗೆ ಐವತ್ತು ಸಲ ಸಾಯದವರು ಯಾರೂ ಇರಲಿಲ್ಲ.

ಪ್ರತಿ ಸಲ ಬಂಟ ಸತ್ತಾಗ ಪರದೆ ಕಪ್ಪಾಗಿ, ‘ಈಗ ನನ್ನ ಬೈಯಿರಿ’ ಅಂತ ಅಕ್ಷರ ಮೂಡುತ್ತಿದ್ದವು. ಹತ್ತು ಸೆಕೆಂಡು. ಆಡುವವರು ಬಾಯಿಗೆ ಬಂದದ್ದು ಅನ್ನಬಹುದು. ಇದು ಫಕೀರೇಶನದೇ ಯೋಚನೆ. “ಆಟಕ್ಕ ಐದ ಚುಕ್ಕಿ ಕೊಡೋ ಮಂದಿ ಸುಳ್ಳ ಹೇಳ್ತಾರಕ್ಕಾ. ಸಿಟ್ಟಿಗೆದ್ದಾಂವ ಸುಳ್ಳ ಹೇಳೂದಿಲ್ಲ,” ಅನ್ನುತ್ತಿದ್ದ. ಆ ಬೈಗುಳಗಳನ್ನೆಲ್ಲ ಕೇಳಿ, ಯಾವ ಬಾವಿಯಲ್ಲಿ ಏನು ತೊಡಕಿದೆ ಅಂತ ಬರೆದಿಡುವುದು ಅಕ್ಕನ ಕೆಲಸ. ಹದಿನೈದು ವರ್ಷ ಟೆಲಿಫೋನ್ ಕಂಪನಿಯೊಂದರಲ್ಲಿ ಗಿರಾಕಿಗಳ ಗೋಳು ಕೇಳಿದ್ದವಳಿಗೆ ಇದೇನು ಹೊಸದಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಇದು ಇಷ್ಟವೇ ಆಗಿತ್ತು.

“ಅಯ್ಯೋ ನಿನ್ ಮನೆ ಹಾಳಾಗ! ಹದಿನೇಳನೇ ಬಾವೀಲಿ ಆ ಬಾವಲಿ ಇಟ್ಟವ್ನಿಗೆ ಊಟ ಸೇರಲ್ಲ ಕಣ್ರೀ!” ಅಂತ ಮೈಸೂರಿನ ಕಡೆಯ ಒಂದು ಹೆಂಗಸು.

“ಎಂಥ ಮಾರಾಯ್ರೇ ಇದು? ನಾನು ಹಾರು ಅಂತ ಹೇಳಿ, ಚಾ ಕುಡಿದು ಬಂದ ಮೇಲೆ ಅವ ಹಾರುವುದಾ?” ಮಂಗಳೂರಿನ ಹುಡುಗಿ.

“ಏ ಯಪ್ಪಾ, ನಾಕನೂರು ಸರ್ತಿ ಸತ್ತೀನ್ ನೋಡ್. ಖರೇ ಹೇಳ್ತೀನಿ, ನಾಳಿಗಿ ಮತ್ತ ಬರ್ತೀನ್. ಏನ್ ಹಚ್ಚಿ ಬಿಟ್ಟೀಪಾ!” ಕಲಬುರಗಿಯ ರೈಲ್ವೆ ನೌಕರ. ಇವರ ದನಿ ನೀಲಾಳಿಗೆ ಎಷ್ಟು ಪರಿಚಯವಾಗಿಬಿಟ್ಟಿತ್ತೆಂದರೆ, ಒಂದು ದಿನ ಬರದಿದ್ದರೆ ಹುಷಾರಾಗಿದ್ದಾರೋ ಇಲ್ಲವೋ ಎಂದು ಚಿಂತೆಯಾಗುತ್ತಿತ್ತು.

ಅವತ್ತು ಬಂದದ್ದು ಆ ರೈಲ್ವೆ ನೌಕರರದೇ ದನಿ. ಆದರೆ ಅದರಲ್ಲಿ ಬೈಗುಳವಿರಲಿಲ್ಲ.

“ಅಣ್ಣಾ, ಒಂದ್ ಮಾತ್ ಕೇಳ್ಬೇಕಿತ್ತು. ಈಗೀಗ ಬಂಟ ತಡಾ ಮಾಡಂಗಿಲ್ಲ, ಸರಿ ಹಾರ್ತಾನ. ಖರೇ ನನ್ ಕೈ ತಡಾ ಆಗ್ಲತದ. ನಿನ್ನೆ ಹಸಿರು ನಿಶಾನಿ ಎತ್ಬೇಕಂದ್ರ ಕೈ ಒಂದ್ ಗಳಿಗಿ ಹಿಂದ ನಿಂತ್ತು. ನಿಮ್ ಆಟಕ್ಕೂ ಇದಕ್ಕೂ ಏನರೆ—”

ಹತ್ತು ಸೆಕೆಂಡು ಮುಗಿದು ಮಾತು ಕಡಿದುಹೋಯಿತು.

ನೀಲಾ ಅದನ್ನು ಇನ್ನೊಮ್ಮೆ ಹಾಕಿ ಕೇಳಿದಳು. ಆಮೇಲೆ ಹಿಂದಿನ ತಿಂಗಳ ಧ್ವನಿಗಳನ್ನು ತೆಗೆದು ಹುಡುಕತೊಡಗಿದಳು. ಮಧ್ಯಾಹ್ನದ ಊಟದ ಹೊತ್ತಿಗೆ ಅಂಥವು ಮೂವತ್ತೆಂಟು ಸಿಕ್ಕವು. ಒಬ್ಬನಿಗೆ ಸ್ಕೂಟರಿನ ಬ್ರೇಕು ಹಿಡಿಯುವುದು ತಡ. ಒಬ್ಬಳಿಗೆ ತಬಲಾ ಕ್ಲಾಸಿನಲ್ಲಿ ತಾಳ ತಪ್ಪುತ್ತಿದೆ, ಗುರುಗಳು ಬೈಯುತ್ತಿದ್ದಾರೆ. ಒಬ್ಬ ನಗುತ್ತಲೇ, “ಹೆಂಡ್ತಿ ಲೋಟ ಕೊಟ್ರೆ ಹಿಡ್ಯೋದ್ರೊಳಗೆ ಕೆಳಗೆ ಬಿದ್ದಿರುತ್ತೆ” ಅಂದಿದ್ದ. ಈ ಮಾತುಗಳನ್ನೆಲ್ಲ ಅವಳು ಆಗಲೇ ಕೇಳಿದ್ದಳು. ಆಟದ ಬಗ್ಗೆ ಅಲ್ಲವಲ್ಲ ಎಂದು ಬರೆದುಕೊಳ್ಳದೆ ಬಿಟ್ಟಿದ್ದಳು.

“ಜಯತೀರ್ಥ, ಸ್ವಲ್ಪ ಇಲ್ಲಿ ಬಾರೋ.”

ಜಯತೀರ್ಥ ಪಕ್ಕದ ಕೋಣೆಯಲ್ಲಿದ್ದ. ಯಂತ್ರದ ಕೆಲಸವೆಲ್ಲ ಅವನದು. ಫಕೀರೇಶನ ಜೊತೆ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವನು. ನಾಲ್ಕು ಧ್ವನಿ ಕೇಳುವುದರೊಳಗೆ ಅವನ ಮುಖ ಸಣ್ಣದಾಯಿತು.

“ಅಕ್ಕಾ,” ಅಂದ. “ನಾ ಆವಾಗ ಹೇಳಿದ್ದೆ.”

“ಹೇಳಿದ್ದಿ.”

ಅಷ್ಟೇ. ಅವರಿಬ್ಬರಿಗೆ ಅಷ್ಟು ಸಾಕಿತ್ತು. ಆದರೆ ಓದುವವರಿಗೆ ಆ ಕಥೆ ಹೇಳದೆ ಮುಂದೆ ಹೋಗುವ ಹಾಗಿಲ್ಲ.

‘ನೂರೊಂದು ಬಾವಿ’ಯನ್ನು ಗುಂಡಿ ಒತ್ತಿ ಆಡುವುದಿಲ್ಲ. ಮಣಿಕಟ್ಟಿಗೆ ಒಂದು ನಾಡಿಪಟ್ಟಿ ಕಟ್ಟಿಕೊಳ್ಳಬೇಕು. ಬೆರಳು ಆಡಿಸಬೇಕೆಂದು ಮನಸ್ಸು ಮಾಡಿದಾಗ ನರದಲ್ಲಿ ಹರಿಯುವ ಮಿಡಿತವನ್ನು ಪಟ್ಟಿ ಹಿಡಿಯುತ್ತದೆ, ಬಂಟ ಹಾರುತ್ತಾನೆ. ಅವನ ಕಾಲು ನೆಲ ಮುಟ್ಟಿದಾಗ ಪಟ್ಟಿ ತಿರುಗಿ ಒಂದು ಸಣ್ಣ ಮಿಡಿತ ಕೊಡುತ್ತದೆ. ನಿಂತಾಗಲೂ ಉಸಿರಿಗೊಂದರಂತೆ ಕೊಡುತ್ತಲೇ ಇರುತ್ತದೆ. ಹೋಗುವ ಮಿಡಿತಕ್ಕೂ ಬರುವ ಮಿಡಿತಕ್ಕೂ ನಡುವೆ ಎಷ್ಟು ಅಂತರ ಇರಬೇಕು? ಅದನ್ನು ಪಟ್ಟಿಗೆ ಕಲಿಸಲು ಯಾರಾದರೂ ಒಬ್ಬರು ನೂರೊಂದು ಬಾವಿಯನ್ನೂ ಆಡಿ ತೋರಿಸಬೇಕು. ಹಾಗೆ ಆಡಿದವರ ಕೈಗೆ ಮೂಲಗೈ ಅನ್ನುತ್ತಿದ್ದರು. ಫಕೀರೇಶ ತನ್ನದೇ ಕೈ ಕೊಟ್ಟ.

ಆ ಹೊತ್ತಿಗೆ ಅವನಿಗೆ ಆ ರೋಗ ಶುರುವಾಗಿತ್ತು. ನರ ಒಂದೊಂದಾಗಿ ಬಾಡಿಕೊಂಡು ಹೋಗುವ ರೋಗ. ಮನಸ್ಸು ಹೇಳಿದ್ದು ಬೆರಳಿಗೆ ಮುಟ್ಟಲು ಸೆಕೆಂಡಿನ ಹತ್ತನೇ ಒಂದು ಪಾಲು ತಡವಾಗುತ್ತಿತ್ತು. ಜಯತೀರ್ಥ ಅದನ್ನು ಅಳತೆ ಮಾಡಿ ನೀಲಾಳನ್ನು ಮೆಟ್ಟಿಲ ಹತ್ತಿರ ಕರೆದು ಹೇಳಿದ್ದ: “ಅಕ್ಕಾ, ಇವನ ಕೈ ತಡಾ ಐತಿ. ಬ್ಯಾರೆ ಯಾರದರ ಕೈ ತುಂಬೂಣು. ನೀವ ಹೇಳ್ರಿ, ನನ್ನ ಬಾಯಿಲೆ ಬರೂದಿಲ್ಲ.”

ಅವಳ ಬಾಯಿಂದಲೂ ಬರಲಿಲ್ಲ. “ಇರಲಿ ಬಿಡೋ. ಆಟ ಅವಂದು, ಕೈನೂ ಅವಂದ ಇರಲಿ. ಮಂದಿ ಹೊಂದಿಕೋತಾರ,” ಅಂದಿದ್ದಳು.

ಮಂದಿ ಹೊಂದಿಕೊಂಡರು. ಬಂಟ ಬೇಕೆಂದೇ ತಡವಾಗಿ ಹಾರುತ್ತಾನೆ, ಈ ಆಟದ ಗಮ್ಮತ್ತೇ ಅದು ಎಂದುಕೊಂಡರು. ತಡವನ್ನು ಮೊದಲೇ ಲೆಕ್ಕ ಹಿಡಿದು ಹಾರುವುದನ್ನು ಸಾವಿರ ಸಲ ಸತ್ತು ಕಲಿತರು. ಕಲಿತದ್ದು ಆಟ ಮುಗಿದ ಮೇಲೂ ಕೈಬಿಡಲಿಲ್ಲ.

*

ಬೆಟಗೇರಿಯ ಮನೆಗೆ ನೀಲಾ ಬಂದಾಗ ಅವ್ವ ಶಾಂತವ್ವ ರೊಟ್ಟಿ ಬಡಿಯುತ್ತಿದ್ದಳು. ಎಡ ಮಣಿಕಟ್ಟಿನಲ್ಲಿ ನಾಡಿಪಟ್ಟಿ. ಅವಳೇನು ಆಟ ಆಡುವವಳಲ್ಲ. ಜಳಕ ಮುಗಿಸಿ ಪಟ್ಟಿ ಕಟ್ಟಿಕೊಂಡು, ಬಂಟನನ್ನು ಮೊದಲ ಬಾವಿಯ ಬಾಯಿಯಲ್ಲಿ ನಿಲ್ಲಿಸಿಬಿಡುತ್ತಿದ್ದಳು. ಯಾವಾಗಲಾದರೂ ಒಮ್ಮೆ ನಿಂತಲ್ಲೇ ಒಂದು ಜಿಗಿತ ಜಿಗಿಸುತ್ತಿದ್ದಳು. ಉಳಿದಂತೆ ದಿನವಿಡೀ ಅವನು ಅಲ್ಲೇ ನಿಂತಿರುತ್ತಿದ್ದ, ಪಟ್ಟಿ ಅವಳ ಮಣಿಕಟ್ಟಿನಲ್ಲಿ ಮೆಲ್ಲಗೆ ಮಿಡಿಯುತ್ತಿತ್ತು.

“ಅಂವಾ ಕೈ ಹಿಡದಂಗ ಆಗತೈತಿ,” ಅಂದಿದ್ದಳು ಒಮ್ಮೆ. “ಸಣ್ಣಾಂವ ಇದ್ದಾಗ ಸಂತ್ಯಾಗ ಹಿಡಕೋತಿದ್ದ ನೋಡು, ಹಂಗ.”

ನೀಲಾ ಬಾಗಿಲಲ್ಲೇ ನಿಂತು ರೊಟ್ಟಿ ಬಡಿಯುವ ಸಪ್ಪಳ ಕೇಳಿದಳು. ಇಡೀ ದಿನ ದನಿ ಕೇಳುವ ಕಿವಿ ಅದು. ಅವ್ವನ ಬಲಗೈ ಪಟ್ ಎಂದರೆ ಎಡಗೈ ತಿರುಗಿಸಬೇಕು, ಪಟ್ ಅಂದರೆ ತಿರುಗಿಸಬೇಕು. ಐವತ್ತು ವರ್ಷದಿಂದ ಆ ತಾಳ ತಪ್ಪಿದ್ದಿಲ್ಲ. ಈಗ ಎಡಗೈ ಪ್ರತಿ ಸಲವೂ ಒಂದು ಎಳೆಯಷ್ಟು ಹಿಂದೆ ಉಳಿಯುತ್ತಿತ್ತು. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಿದು ತೂತು.

“ಏನವ್ವಾ, ಬೆರಳಿಗೆ ಏನಾತು?”

“ಹಂಚ ಸುಟ್ಟತು. ಹಿಂದಕ ತಗೀಬೇಕು ಅನ್ನೂದ್ರಾಗ ಸುಟ್ಟ ಬಿಟ್ಟಿತ್ತು. ವಯಸ್ಸಾತಲ್ಲ.” ಶಾಂತವ್ವ ನಕ್ಕಳು. “ಯಾಕ ಹಂಗ ನೋಡ್ತೀ? ದೆವ್ವಾ ಕಂಡವರಂಗ?”

“ಏನಿಲ್ಲ,” ಅಂದಳು ನೀಲಾ. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡಳು. ಎರಡೆರಡು ಸಲ ತೊಳೆದುಕೊಂಡಳು.

*

ಹುಬ್ಬಳ್ಳಿಯಲ್ಲಿ ನರಗಳ ಮೇಲೆ ಸಂಶೋಧನೆ ಮಾಡುವ ಡಾಕ್ಟರ್ ಶಮೀಮಾ ನದಾಫರ ಪ್ರಯೋಗಾಲಯ ಒಂದು ಉದ್ದನೆಯ ಕೋಣೆ. ನೀಲಾ ಅವ್ವನನ್ನು ‘ಸುಟ್ಟ ಬೆರಳು ತೋರಿಸಿ ಬರೋಣ’ ಎಂದು ಕರಕೊಂಡು ಹೋಗಿ ಪರೀಕ್ಷೆ ಮಾಡಿಸಿದ್ದಳು. ನಾಲ್ಕು ದಿನ ಬಿಟ್ಟು ಫಲಿತಾಂಶಕ್ಕೆಂದು ಅವ್ವನನ್ನು ಮನೆಯಲ್ಲೇ ಬಿಟ್ಟು ಹೋದಾಗ ಜೊತೆಗೆ, ತಾನೂ ಪರೀಕ್ಷೆ ಮಾಡಿಸಿಕೊಂಡಿದ್ದ ರುಕ್ಮಾ ಮೆಹರವಾಡೆ ಇದ್ದಳು. ರುಕ್ಮಾ ಬೆಟಗೇರಿಯಲ್ಲಿ ಜಂಪರು ಹೊಲಿಯುವವಳು, ನೂರೊಂದು ಬಾವಿಯನ್ನೂ ಇಳಿದು ಮುಗಿಸಿದ ಕೇವಲ ಹನ್ನೆರಡು ಜನರಲ್ಲಿ ಒಬ್ಬಳು. ಅವಳ ತೋರುಬೆರಳಿಗೆ ಬ್ಯಾಂಡೇಜು. ಹೊಲಿಗೆ ಯಂತ್ರದ ಸೂಜಿ ಉಗುರಿನ ಮೂಲಕ ಇಳಿದಿತ್ತು.

ಡಾಕ್ಟರು ಮೊದಲು ರುಕ್ಮಾಳ ನರದ ಗೆರೆಗಳನ್ನು ತೋರಿಸಿದರು. “ನೋಡ್ರಿ, ಇವರ ನರಕ್ಕ ರೋಗ ಇಲ್ಲ. ನರ ಚಲೋ ಅದ. ಮೆದುಳು ಒಂದು ಪಾಠ ಕಲತದ, ಅಷ್ಟ. ‘ಕೈ ಸ್ವಲ್ಪ ತಡದು ಆಡಬೇಕು’ ಅನ್ನೂ ಪಾಠ. ಸರಳ ಆಟ ಇದ್ದಿದ್ರ ಇಷ್ಟು ಆಳಕ್ಕ ಇಳೀತಿರಲಿಲ್ಲ. ನಿಮ್ಮ ಆಟ ಭಾಳ ಕಷ್ಟ. ಸಾವಿರ ಸಲ ತಪ್ಪಿ ತಪ್ಪಿ ಕಲತದ್ದು ಎಲುಬಿಗೆ ಹತ್ತತದ.”

“ಹೋಗೂದಿಲ್ಲೇನ್ರಿ ಅದು?”

“ಹೋಗ್ತದ. ಹೆಂಗ ಕಲತಾರ ಹಂಗ ಮರೀಬೇಕು. ಮೂಲಗೈ ಬದಲು ಮಾಡ್ರಿ, ಗಟ್ಟಿಮುಟ್ಟು ಕೈ ಹಾಕ್ರಿ. ಇದ ಆಟಾನ ಮತ್ತ ಆಡಲಿ. ಆರು ತಿಂಗಳಿಗೆ ಸರಿ ಹೋಗ್ತಾರ.”

ರುಕ್ಮಾ ತಟಕ್ಕನೆ ತಿರುಗಿದಳು. “ಬದಲೀ ಮಾಡಬ್ಯಾಡ್ರೀ ಅಕ್ಕಾರ! ಎಂಟು ಸಾವಿರ ಸಲ ಸತ್ತೀನಿ ನಾ. ಎಲ್ಲಾರೂ ಬಂಟ ತಡಾ, ಬಂಟ ತಡಾ ಅಂತ ಬೈತಿದ್ರ, ನಾ ಅಂವನ ತಡಾನ ತಾಳ ಮಾಡ್ಕೊಂಡೆ. ಹಗಲೆಲ್ಲ ಮಂದಿ ಅಳತಿಗೆ ಹೊಲೀತೀನ್ರಿ. ಅದೊಂದ ನಂದು ಅಂತ ಇತ್ತು. ಈಗ ಬದಲೀ ಮಾಡಿದ್ರ ನಾ ಕಲತದ್ದೆಲ್ಲ ಎಲ್ಲಿ ಹೋತು?”

“ಬೆರಳಾಗ ಸೂಜಿ ಇಳೀತಲ್ಲ, ರುಕ್ಮಾ.”

“ಇಳೀತು,” ಅಂದಳು ರುಕ್ಮಾ. ಬ್ಯಾಂಡೇಜು ನೋಡಿಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ, “ಆ ಆಟ ಮಾಡಿದಾಂವ ನಿಮ್ಮ ತಮ್ಮ ಏನ್ರಿ? ಅಂವಗ ಹಿಂಗ ಇತ್ತೇನು ಕೈ?”

ನೀಲಾ ತಲೆಯಾಡಿಸಿದಳು.

“ಅಯ್ಯ ಶಿವನ. ನಾ ಎಷ್ಟ ಬೈದೀನಲ್ರೀ ಅಂವಗ.”

ರುಕ್ಮಾ ಹೊರಗೆ ಹೋದ ಮೇಲೆ ಡಾಕ್ಟರು ಇನ್ನೊಂದು ಹಾಳೆ ತೆಗೆದರು. ಶಾಂತವ್ವನದು. “ಇವರು ಆಟ ಆಡಿಲ್ಲ ಅಂತೀರಿ. ಆದ್ರ ಹನ್ನೊಂದು ತಿಂಗಳು ದಿನಪೂರ್ತಿ ಕಟ್ಟಿಕೊಂಡಾರ, ಬಂಟ ನಿಂತಾಗಿನ ಮಿಡಿತನೂ ಅದ ಪಾಠ ಕಲಿಸೇದ. ವಯಸ್ಸಾದ ಮೆದುಳು, ಮರಿಯೂದು ನಿಧಾನ. ಇನ್ನೊಂದು ವರ್ಷ ಹಿಂಗ ಕಟ್ಟಿಕೊಂಡ್ರ ತಿರುಗಿ ಬರೂದಿಲ್ಲ ಅಂತ ತಿಳೀರಿ. ಇವತ್ತು ಹಂಚು. ನಾಳೆ ಮೆಟ್ಟಿಲದಾಗ ಜಾರಿದ್ರ ಪಕ್ಕದ ಕಟಕಟಿ ಹಿಡಿಯೂದು ತಡಾ ಆಗ್ತದ.”

*

ನೀಲಾಳ ಕೈಯೇ ಮೂಲಗೈ ಆಗಬೇಕಾಯಿತು. ಬೇರೆ ದಾರಿ ಇರಲಿಲ್ಲ. ನೂರೊಂದು ಬಾವಿಯ ಮೂಲೆಮೂಲೆ ಗೊತ್ತಿದ್ದು, ಪಟ್ಟಿಯನ್ನು ಒಮ್ಮೆಯೂ ಕಟ್ಟಿಕೊಳ್ಳದವಳು ಅವಳೊಬ್ಬಳೇ. ಆಟ ಕಟ್ಟುವಾಗ ಪ್ರತಿ ಬಾವಿಯನ್ನೂ ಹಳೇ ಗುಂಡಿಪೆಟ್ಟಿಗೆಯಲ್ಲಿ ಆಡಿ ನೋಡುತ್ತಿದ್ದಳು. ಕೊಡುವ ಮಿಡಿತವನ್ನು ನಿಲ್ಲಿಸಿ ಹಿಡಿಯುವುದನ್ನಷ್ಟೇ ಇಟ್ಟು ಜಯತೀರ್ಥ ಅವಳ ಕೈಗೆ ಪಟ್ಟಿ ಕಟ್ಟಿದ. ಒಂಬತ್ತು ದಿನ ಆಡಿದಳು.

ಒಂದೊಂದು ಬಾವಿ ಮುಗಿದಾಗಲೂ ಆ ಬಾವಿಯಲ್ಲಿ ಫಕೀರೇಶನ ಕೈ ಅಳಿಸಿ ಇವಳದು ಕೂರುತ್ತಿತ್ತು. ಜಯತೀರ್ಥನ ಪರದೆಯಲ್ಲಿ ಕೆಂಪು ಗೆರೆ ಹೋಗಿ ನೀಲಿ ಗೆರೆ ಬರುತ್ತಿತ್ತು. ಅರವತ್ತನೇ ಬಾವಿಯಲ್ಲಿ ಒಂದು ಕಡೆ ಕೆಂಪು ಗೆರೆ ಉದ್ದಕ್ಕೆ ನಡುಗಿತ್ತು.

“ಇಲ್ಲೇನಾಗಿತ್ತೋ?”

“ಅವತ್ತ ಅಂವಗ ಬೆರಳು ಎತ್ತಾಕ ಆಗಲಿಲ್ಲಕ್ಕಾ. ಎಡಗೈಲೆ ಬಲಗೈ ಹಿಡಕೊಂಡು ಆಡಿದ. ನನಗ ಹೊರಗ ಹೋಗು ಅಂದ. ನಾ ಕಿಟಕ್ಯಾಗಿಂದ ನೋಡಿದೆ.”

ನೀಲಾ ಆ ಬಾವಿಯನ್ನು ಒಂದೇ ಉಸಿರಿಗೆ ದಾಟಿದಳು. ದಾಟಿದ್ದಕ್ಕೆ ತನ್ನ ಕೈಯ ಮೇಲೆ ತನಗೇ ಸಿಟ್ಟು ಬಂತು.

ಕೊನೆಯ ದಿನ ಜಯತೀರ್ಥ ಎಲ್ಲ ಪಟ್ಟಿಗಳಿಗೂ ಹೊಸ ಕೈ ಕಳಿಸುವ ಮೊದಲು ಕೇಳಿದ: “ಅವ್ವಾರ ಪಟ್ಟಿ ಒಂದನ್ನ ಜಾಲದಿಂದ ಕಡದ ಇಡ್ಲೇನು? ಅದೊಂದರಾಗ ಉಳೀತಾನ.”

ಡಾಕ್ಟರು ಹೇಳಿದ್ದು ನೀಲಾಳ ಕಿವಿಯಲ್ಲಿತ್ತು. ಒಮ್ಮೆ ಮೆಟ್ಟಿಲ ಹತ್ತಿರ ತಾನು ‘ಇರಲಿ ಬಿಡೋ’ ಅಂದದ್ದೂ ಇತ್ತು. ಯಾರನ್ನೂ ಕೇಳದೆ ತಾನೇ ತೀರ್ಮಾನಿಸುವ ಅಂಥ ಮಾತನ್ನು ಎರಡನೇ ಸಲ ಆಡಬಾರದೆಂದುಕೊಂಡೇ, “ಕಡದ ಇಡು. ಅವ್ವನ್ನ ಕೇಳದ ನಾ ಅಳಸೂದಿಲ್ಲ,” ಅಂದಳು.

ಹೊಸ ಕೈ ಹೋದ ಮರುದಿನದ ಬೈಗುಳಗಳು ಬೇರೆಯೇ ಆಗಿದ್ದವು. ಮಂಗಳೂರಿನ ಹುಡುಗಿ, “ಈಗ ಇವ ನನಗಿಂತ ಮೊದಲೇ ಹಾರುತ್ತಾನಲ್ಲ, ಎಂಥ ಅವಸರ ಮಾರಾಯ್ರೇ ಇವನಿಗೆ!” ಅಂದಳು. ಯಾರೋ ಒಬ್ಬ, “ಆಟ ಕೆಟ್ಟು ಕೆರ ಹಿಡೀತು, ಹಳೇದನ್ನ ವಾಪಸ್ ಕೊಡ್ರೋ,” ಅಂತ ಹನ್ನೊಂದು ಸಲ ಅಂದ. ರುಕ್ಮಾ ಮೊದಲ ಬಾವಿಯಲ್ಲೇ ನಲವತ್ತು ಸಲ ಸತ್ತಳು. ಸತ್ತಾಗೆಲ್ಲ ಹತ್ತು ಸೆಕೆಂಡು ಸುಮ್ಮನಿದ್ದಳು. ನೀಲಾ ಆ ಸುಮ್ಮನಿದ್ದದ್ದನ್ನೂ ಪೂರ್ತಿ ಕೇಳಿದಳು.

*

ಅವ್ವನಿಗೆ ಅವಳು ಎಲ್ಲವನ್ನೂ ಹೇಳಿದಳು. ಮಧ್ಯಾಹ್ನದ ಊಟ ಮುಗಿದು ಇಬ್ಬರೂ ಪಡಸಾಲೆಯಲ್ಲಿ ಕೂತಿದ್ದರು. ಹಂಚು ಸುಟ್ಟದ್ದು ಯಾಕೆ, ರೊಟ್ಟಿ ಹರಿಯುವುದು ಯಾಕೆ, ಪಟ್ಟಿ ಬಿಡದಿದ್ದರೆ ಮುಂದೇನು, ಒಂದನ್ನೂ ಮುಚ್ಚಿಡಲಿಲ್ಲ.

ಶಾಂತವ್ವ ಪಟ್ಟಿಯ ಮೇಲೆ ಬಲಗೈ ಮುಚ್ಚಿಕೊಂಡಳು. “ನನಗ ಅರವತ್ತೆಂಟು. ನನ್ನ ಕೈ ತಡಾ ಆದ್ರ ಯಾರದೇನು ಹೋಗತೈತಿ? ಮಂದೀದು ಸರಿ ಮಾಡಿದಿ, ಚಲೋ ಆತು. ನಂದು ಬಿಡು.”

“ಬಿದ್ದಗಿದ್ದರ ಅವ್ವಾ?”

“ಬೀಳ್ತೀನಿ. ನೀ ಎಬ್ಬಸ್ತೀ.”

ನೀಲಾ ಅವ್ವನ ಸುಟ್ಟಿದ್ದ ಬೆರಳನ್ನು ಹಿಡಿದುಕೊಂಡಳು. ಶಾಂತವ್ವ ಮಗಳನ್ನೇ ನೋಡುತ್ತ ಕೂತಳು. ಆಮೇಲೆ, ಸಮಾಧಾನ ಮಾಡುವವಳ ಹಾಗೆ, “ತಾ ಇಲ್ಲೆ, ನಿನ್ನ ಕೈ ಹಾಕೀರಿ ಅಂದಿಯಲ್ಲ, ಆ ಪಟ್ಟಿ ತಾ. ಹೆಂಗೈತಿ ನೋಡೂಣು,” ಅಂದಳು.

ನೀಲಾ ಚೀಲದಿಂದ ಹೊಸ ಪಟ್ಟಿ ತೆಗೆದು ಅವ್ವನ ಇನ್ನೊಂದು ಮಣಿಕಟ್ಟಿಗೆ ಕಟ್ಟಿದಳು. ಪರದೆಯ ಮೇಲೆ ಬಂಟ ಮೊದಲ ಬಾವಿಯ ಬಾಯಲ್ಲಿ ನಿಂತ. ಶಾಂತವ್ವ ಕಣ್ಣು ಸಣ್ಣ ಮಾಡಿಕೊಂಡು, ಎಂದಿನ ಹಾಗೆ ಅವನನ್ನು ನಿಂತಲ್ಲೇ ಜಿಗಿಸಲು ಹೋದಳು. ಅನ್ನುವುದರೊಳಗೆ ಅವನು ಹಾರಿ ನೆಲಕ್ಕಿಳಿದಿದ್ದ. ಬೆಚ್ಚಿಬಿದ್ದಳು. ಮತ್ತೊಮ್ಮೆ ಜಿಗಿಸಿದಳು. ಹಗುರಕ್ಕೆ, ಹಕ್ಕಿಯ ಹಾಗೆ ಹೋದ.

“ಇದೇನ ಇಷ್ಟ ಹಗರ?”

“ಚಲೋ ಇದ್ದವರ ಕೈ ಹಿಂಗ ಇರತೈತವ್ವಾ.”

ಶಾಂತವ್ವ ಎಡಗೈಯ ಹಳೇ ಪಟ್ಟಿಯಲ್ಲಿ ಒಮ್ಮೆ ಜಿಗಿಸಿದಳು, ಬಲಗೈಯ ಹೊಸದರಲ್ಲಿ ಒಮ್ಮೆ. ಮತ್ತೆ ಎಡ, ಮತ್ತೆ ಬಲ. ಎರಡು ತಕ್ಕಡಿ ತೂಗುವವಳ ಹಾಗೆ ಎಷ್ಟೋ ಸಲ ಹಾಗೆ ಮಾಡಿದಳು. ಮಾಡುತ್ತ ಮಾಡುತ್ತ ಅವಳ ಮುಖದ ಬಣ್ಣ ಇಳಿಯುತ್ತ ಬಂತು.

“ನೀಲಾ. ಇಷ್ಟ ಭಾರ ಇತ್ತೇನ ಅವಗ?”

“ಹೂಂ ಅವ್ವಾ.”

“ನನಗ ಜೋಮು ಹಿಡದೈತಿ ಅಂದಿದ್ದ. ಸ್ವಲ್ಪ ಜೋಮು ಯವ್ವಾ, ಹೋಗತೈತಿ, ಅಂತ. ನಾ ಎಣ್ಣಿ ಹಚ್ಚಿ ತಿಕ್ಕತಿದ್ದೆ. ನಗತಿದ್ದ.” ಅವಳು ಎಡಗೈಯಿಂದ ಇನ್ನೊಮ್ಮೆ ಬಂಟನನ್ನು ಎಬ್ಬಿಸಿದಳು. ಅವನು ಎದ್ದ, ತಡವಾಗಿ, ಕೆಸರಿನಿಂದ ಕಾಲು ಕಿತ್ತವನ ಹಾಗೆ. “ಹನ್ನೊಂದು ತಿಂಗಳು ನಾ ಇದನ್ನ ಅಂವಾ ಕೈ ಹಿಡದಾನ ಅಂತ ಹಿಡಕೊಂಡು ಕೂತಿದ್ದೆನಲ್ಲ. ನನ್ನ ಕೂಸು ಇಷ್ಟ ಎಳೀತಿತ್ತೇನು?”

ಹೊರಗೆ ಯಾರೋ ಸೈಕಲ್ಲಿನಲ್ಲಿ ಮೊಸರು ಕೂಗಿಕೊಂಡು ಹೋದರು. ಅವ್ವ ಅಳಲಿಲ್ಲ. ಆ ಕೂಗು ಓಣಿ ದಾಟಿದ ಮೇಲೆ ಹಳೇ ಪಟ್ಟಿ ಬಿಚ್ಚಿ ಮಗಳ ಮಡಿಲಲ್ಲಿ ಇಟ್ಟಳು.

“ಇನ್ನ ಅವನ್ನ ಆ ಕೈಯಾಗ ಇಡಬ್ಯಾಡ.”

“ಅಳಸಿದ್ರ ತಿರುಗಿ ಬರೂದಿಲ್ಲವ್ವಾ. ಎಲ್ಲೂ ಉಳಿಯೂದಿಲ್ಲ.”

“ಗೊತ್ತಾತು. ಎಲ್ಲಿ ಒತ್ತಬೇಕು ಹೇಳು. ನಾನ ಒತ್ತತೀನಿ.”

ಪಟ್ಟಿಯ ಬೆನ್ನಿಗೆ ಅಕ್ಕಿಕಾಳಿನಷ್ಟು ಒಂದು ಗುಂಡಿ ಇತ್ತು. ನೀಲಾ ತೋರಿಸಿದಳು. ಶಾಂತವ್ವ ಎಡಗೈಯ ಹೆಬ್ಬೆರಳನ್ನು ಅದರ ಮೇಲೆ ತಂದಳು. ಒತ್ತಬೇಕೆಂದು ಅವಳು ಮನಸ್ಸು ಮಾಡಿದ್ದು ಮುಖದಲ್ಲಿ ಕಂಡಿತು. ಬೆರಳು ಇನ್ನೂ ಎದ್ದೇ ಇತ್ತು. ಆ ಅಷ್ಟು ತಡದ ಉದ್ದಕ್ಕೂ ನೀಲಾ ಉಸಿರು ಹಿಡಿದು ಅವ್ವನ ಬೆರಳನ್ನೇ ನೋಡಿದಳು. ಆಮೇಲೆ ಬೆರಳು ಇಳಿಯಿತು.